1952ರ ಹಳ್ಳಿಯ ಹಿರಿಯ ಹೆಂಗಸರು ಏನು ಉಡುತ್ತಿದ್ದರು? ನಾಟಕದ ಉಡುಪಿಗಾಗಿ ಕೇಳುತ್ತಿದ್ದೇನೆ

ರಂಗಸಜ್ಜಿಕೆ ಸುಧಾ

ಎಲ್ಲರಿಗೂ ನಮಸ್ಕಾರ. ನಮ್ಮ ತಂಡ ಹೊಸ ನಾಟಕವೊಂದನ್ನು ಎತ್ತಿಕೊಂಡಿದೆ. ಕಾಲ 1952, ಮೊದಲ ಮಹಾಚುನಾವಣೆಯ ಹೊತ್ತು. ಜಾಗ ಆಗಿನ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯ ಒಂದು ಹಳ್ಳಿ, ಬಾದಾಮಿ ಹುನಗುಂದದ ಕಡೆಯದು ಅಂತಿಟ್ಟುಕೊಳ್ಳಿ. ಐವತ್ತು ದಾಟಿದ ಹೆಂಗಸರ ಪಾತ್ರಗಳೇ ಐದಿವೆ: ಗೌಡರ ಮನೆಯ ಹಿರಿಯಳು, ಹೊಲದ ಕೂಲಿಗೆ ಹೋಗುವವಳು, ಕುಲಕರ್ಣಿಯವರ ಮನೆಯ ವಿಧವೆ, ಪಿಂಜಾರರ ಅಜ್ಜಿ, ಮತ್ತೆ ಮೈಸೂರಿನಿಂದ ಮಗಳ ಬಾಣಂತನಕ್ಕೆ ಬಂದ ತಾಯಿ. ಉಡುಪಿನ ಹೊಣೆ ನನ್ನದು.

ನಿರ್ದೇಶಕರು "ಅಜ್ಜಿ ಅಂದರೆ ಬಿಳಿ ಸೀರೆ, ಉದ್ದ ತೋಳಿನ ರವಿಕೆ, ದುಂಡು ಕನ್ನಡಕ" ಅನ್ನುತ್ತಾರೆ. ಐದೂ ಜನಕ್ಕೆ ಒಂದೇ ಉಡುಪು ಹಾಕಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಈ ಹೆಂಗಸರು ಮಾತಾಡುವ ಮೊದಲೇ ಅವರು ಯಾವ ಮನೆಯವರು, ಏನು ದುಡಿದವರು, ಅವರಿಗೆ ಏನೇನು ಉಡಲು ಬಿಟ್ಟಿದ್ದರು, ಏನು ಬಿಟ್ಟಿರಲಿಲ್ಲ ಅನ್ನುವುದು ನೋಡುವವರ ಕಣ್ಣಿಗೆ ಬೀಳಬೇಕು. ನಿಮ್ಮ ಮನೆಯ ಹಿರಿಯರನ್ನು ನೆನೆದು, ಕಂಡದ್ದನ್ನು ಬರೆಯಿರಿ.

ಹುನಗುಂದದಾಕಿ

ಸುಧಾ ಅಕ್ಕಾರ, ಬಿಳಿ ಸೀರಿ ವಿಚಾರ ಮೊದಲ ಬಿಡ್ರಿ. ನಮ್ಮ ಆಯಿ ಇಳಕಲ್ ಸೀರಿ ಬಿಟ್ಟು ಬ್ಯಾರೆ ಉಟ್ಟಿದ್ದು ನಾ ನೋಡೇ ಇಲ್ಲ. ಮುತ್ತೈದಿ ಇದ್ದಾಕಿ, ಎಪ್ಪತ್ತು ದಾಟಿದ್ರೂ ದಾಳಿಂಬ್ರಿ ಬಣ್ಣದ ಸೀರಿ, ಕೆಂಪು ಸೆರಗು, ಮೊಣಕೈತನಕ ಹಸರ ಗಾಜಿನ ಬಳಿ. ವಯಸ್ಸಾತು ಅಂತ ಬಣ್ಣ ಬಿಡೂ ಪದ್ಧತಿ ನಮ್ಮ ಮನ್ಯಾಗ ಇರಲಿಲ್ಲ. ಗಂಡ ಸತ್ತ ಮ್ಯಾಲೆ ಬಿಡಸ್ತಿದ್ರು. ಎರಡೂ ಒಂದ ಅಲ್ಲ. ನಿಮ್ಮ ನಿರ್ದೇಶಕರಿಗೆ ಇದನ್ನ ಒತ್ತಿ ಹೇಳ್ರಿ.

ಗೌಡರ ಮನಿ ಹಿರಿಯಾಕಿ ಲಿಂಗಾಯತರಾಕಿ ಆಗಿದ್ರ ಕಚ್ಚಿ ಹಾಕಸಬ್ಯಾಡ್ರಿ. ಮುಂದ ನಿರಿಗಿ, ತಲಿ ಮ್ಯಾಲೆ ಸೆರಗು, ಕೊರಳಾಗ ಲಿಂಗದ ಕರಡಿಗಿ, ಹಣಿ ಮ್ಯಾಲೆ ವಿಭೂತಿ. ಕಚ್ಚಿ ಹಾಕಿ ಉಡೂದು ಬ್ರಾಹ್ಮಣರ ಮನ್ಯಾಗ, ಮರಾಠರ ಮನ್ಯಾಗ. ಸೆರಗಂತೂ ತಲಿ ಮ್ಯಾಲಿಂದ ಜಾರಬಾರದು. ಹೊರಗಿನ ಗಂಡಸರು ಬಂದ್ರ ಅದರ ಅಂಚು ಹಲ್ಲಾಗ ಕಚ್ಚಿ ಹಿಡೀತಿದ್ರು, ಯಾಕಂದ್ರ ಎರಡೂ ಕೈಯಾಗ ಕೆಲಸ ಇರತಿತ್ತು. ನಿಮ್ಮ ನಟಿಗೆ ಇದನ್ನ ರೂಢಿ ಮಾಡಸ್ರಿ.

ಬೋರಮಾಳ, ಕಟ್ಟಾಣಿ, ಕಿವ್ಯಾಗ ಬುಗುಡಿ ಇರಲಿ. ತೋಳಿನ ಮ್ಯಾಲೆ ಹಚ್ಚಿ ಬೊಟ್ಟು ಮರೀಬ್ಯಾಡ್ರಿ.

ಗುಳೇದಗುಡ್ಡ ಮಗ್ಗ

ಮೇಲಿನ ಅಕ್ಕ ಹೇಳಿದ್ದು ಸರಿ. ನಮ್ಮದು ನೇಕಾರರ ಮನೆತನ, ಸೀರೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಗಡಿಯಿಂದ "ಇಳಕಲ್ ಥರ" ಇರುವ ಸೀರೆ ತಂದರೆ ರಂಗದ ಮೇಲೆ ಬೆಳಕು ಬಿದ್ದ ಕೂಡಲೇ ಗೊತ್ತಾಗಿಬಿಡುತ್ತದೆ.

ಇಳಕಲ್ ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ಬಡವರ ಸೀರೆಗೆ ಚಮಕಾ, ಅಂದರೆ ಕೃತಕ ರೇಷ್ಮೆ. ಮೈಯ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿದ ಮೇಲೆ ನೇಯ್ಗೆ ಶುರು. ಹಾಗಾಗಿ ಒಂದೊಂದು ಸೀರೆಗೂ ಬೇರೆಯೇ ಹಾಸು ಹೂಡಬೇಕು, ಒಂದೇ ಹಾಸಿನಲ್ಲಿ ಸಾಲಾಗಿ ಹತ್ತಾರು ಸೀರೆ ಬರುವುದಿಲ್ಲ. ಈ ಸೆರಗಿಗೆ ತೋಪು ತೆನಿ ಅನ್ನುತ್ತೇವೆ. ಕೆಂಪು ಪಟ್ಟಿ ಮೂರು, ನಡುವೆ ಬಿಳಿ ಪಟ್ಟಿ ಎರಡು. ದಡಿಯ, ಅಂದರೆ ಅಂಚಿನ, ಬಣ್ಣ ಮೈಯೊಳಗೆ ಬೆರೆಯಬಾರದು ಅಂತ ಮೂರು ಲಾಳಿ ಓಡಿಸುತ್ತಿದ್ದರು: ಈ ದಡಿಗೊಂದು, ಆ ದಡಿಗೊಂದು, ಮೈಗೊಂದು. ದಡಿಯಲ್ಲಿ ಗೋಮಿ, ಗಾಡಿ, ಚಿಕ್ಕಿ ಪರಾಸ ಅಂತ ಬಗೆಗಳಿವೆ. ಹಳ್ಳಿಯ ಹಿರಿಯರು ದಡಿ ನೋಡಿಯೇ ಸೀರೆಯ ಬೆಲೆ ಅಂದಾಜು ಮಾಡುತ್ತಿದ್ದರು.

ಉದ್ದದ ಬಗ್ಗೆ ಒಂದು ಮಾತು. ಆಗಿನ ಹಿರಿಯರು ಉಡುತ್ತಿದ್ದದ್ದು ಹದಿನಾರು ಮೊಳ, ಹದಿನೆಂಟು ಮೊಳದ ಸೀರೆ, ಅಂದರೆ ಎಂಟು ಒಂಬತ್ತು ಗಜ. ನೀವು ಈಗಿನ ಐದೂವರೆ ಮೀಟರಿನದನ್ನು ಉಡಿಸಿದರೆ ಸೊಂಟದ ಸುತ್ತ ಆ ತುಂಬುತನ ಬರುವುದಿಲ್ಲ. ಅಷ್ಟು ಉದ್ದ ಇದ್ದದ್ದರಿಂದಲೇ ಒಳಗೆ ಲಂಗ ಬೇಕಿರಲಿಲ್ಲ. ದಯವಿಟ್ಟು ಯಾರಿಗೂ ಲಂಗ ಹಾಕಿಸಬೇಡಿ, ನಡಿಗೆಯೇ ಬೇರೆಯಾಗುತ್ತದೆ.

ದಾವಣಗೆರೆ ಹೊಲಿಗೆಮನೆ

ರವಿಕೆ ವಿಚಾರ ನನಗೆ ಬಿಡಿ. ಉತ್ತರದ ಹಳ್ಳಿಗಳಲ್ಲಿ ಆಗ ಹಿರಿಯ ಹೆಂಗಸರು ತೊಡುತ್ತಿದ್ದದ್ದು ಖಣದ ಕುಪ್ಪಸ. ಖಣ ಅಂದರೆ ಗುಳೇದಗುಡ್ಡದ ಕಡೆ ನೇಯುವ ಕುಪ್ಪಸದ ಬಟ್ಟೆ, ಎರಡೂ ಅಂಚಿಗೆ ದಡಿ, ನಡುವೆ ಸಣ್ಣ ಸಣ್ಣ ಹೂವು. ಹೊಲಿಯುವವರು ಆ ದಡಿ ತೋಳಿನ ತುದಿಗೆ ಬರುವ ಹಾಗೆ ಕತ್ತರಿಸುತ್ತಿದ್ದರು, ಚೂರೂ ಪೋಲಾಗುತ್ತಿರಲಿಲ್ಲ. ಮುಂದೆ ಗುಂಡಿ ಇಲ್ಲ, ಹುಕ್ಕಿಲ್ಲ. ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕುವುದು. ಮೈ ಇಳಿದರೂ ಏರಿದರೂ ಅದೇ ಕುಪ್ಪಸ ಆಗುತ್ತಿತ್ತು, ಮುದುಕಿಯರಿಗೆ ಇದಕ್ಕಿಂತ ಅನುಕೂಲದ ಉಡುಪು ಇನ್ನೊಂದಿಲ್ಲ ಅಂತ ಹೊಲಿಗೆಯವನಾಗಿ ಹೇಳುತ್ತೇನೆ.

ಕಾಲರಿನ ಪೋಲ್ಕ, ಬೆನ್ನಿಗೆ ಹುಕ್ಕು, ಪಫ್ ತೋಳು ಇವೆಲ್ಲ ಪೇಟೆಯ ಕಿರಿಯರದು. ಹಳ್ಳಿಯ ಐವತ್ತು ದಾಟಿದವರ ಮೈಮೇಲೆ ತರಬೇಡಿ.

ನ್ಯೂಜೆರ್ಸಿ ಕನ್ನಡತಿ

ನಮ್ಮ ಮನೆಯಲ್ಲಿ ಮುತ್ತಜ್ಜಿಯ ಸ್ಟುಡಿಯೋ ಫೋಟೊ ಇದೆ, 1930ರ ದಶಕದ್ದು, ಧಾರವಾಡದಲ್ಲಿ ತೆಗೆಸಿದ್ದು. ಕಪ್ಪು ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಾರೆ, ಹಣೆಯ ಕುಂಕುಮವೂ ಕಪ್ಪಗಿದೆ. ಸುಧಾ ಅವರಿಗೆ ಬೇಕಾದರೆ ಕಳಿಸುತ್ತೇನೆ. ಆಗ ಹಿರಿಯರು ಕಪ್ಪು ಸೀರೆ ಹೆಚ್ಚು ಉಡುತ್ತಿದ್ದರು ಅನ್ನಿಸುತ್ತದೆ.

ಹಳೆ ನೆಗೆಟಿವ್

ಕಳಿಸಿ ಅಮ್ಮ, ಆದರೆ ಬಣ್ಣವನ್ನು ಆ ಫೋಟೊದಿಂದ ತೀರ್ಮಾನಿಸಬೇಡಿ. ಹಳೆಯ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಆರ್ಥೊಕ್ರೋಮ್ಯಾಟಿಕ್ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಅವನ್ನು ತೊಳೆಯಲು ಆಗುತ್ತಿದ್ದದ್ದೂ ಅದಕ್ಕೇ. ಕೆಂಪು ಸೀರೆ ಆ ಪ್ಲೇಟಿನಲ್ಲಿ ಕಪ್ಪಾಗಿ ಬೀಳುತ್ತದೆ, ಕುಂಕುಮವೂ ಅಷ್ಟೆ. ನೀಲಿಯಾದರೆ ತೆಳುವಾಗಿ, ಬಹುಪಾಲು ಬಿಳಿಯಾಗಿ ಕಾಣುತ್ತದೆ. ನಿಮ್ಮ ಮುತ್ತಜ್ಜಿಯ ಕುಂಕುಮ ಕಪ್ಪಗೆ ಬಂದಿದೆ ಅಂದ ಮೇಲೆ ಸೀರೆಯೂ ಕೆಂಪೇ ಇದ್ದಿರಬಹುದು.

ಕಪ್ಪು ಸೀರೆ ಇರಲೇ ಇಲ್ಲ ಅಂತಲ್ಲ. ಕಸೂತಿ ಹಾಕಿದ ಚಂದ್ರಕಾಳಿ ಇತ್ತು. ನೆಯ್ಗಿ, ಮುರ್ಗಿ, ಗವಂತಿ, ಮೆಂತೆ ಹೊಲಿಗೆಯಲ್ಲಿ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ ಮೂಡಿಸಿದ್ದು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ.

ಇನ್ನೊಂದು ಮಾತು. ಸ್ಟುಡಿಯೋಗೆ ಹೋದವರು ಪೆಟ್ಟಿಗೆಯ ಒಳ್ಳೆಯ ಸೀರೆ ತೆಗೆದು ಉಟ್ಟಿರುತ್ತಾರೆ, ಒಡವೆ ಸಾಲ ತಂದಿದ್ದರೂ ತಂದಿರಬಹುದು. ಕೂಲಿ ಮಾಡುವ ಅಜ್ಜಿ ಫೋಟೊದಲ್ಲಿ ಸಿಗುವುದೇ ಅಪರೂಪ. ಫೋಟೊ ಸಿಕ್ಕವರನ್ನು ಮಾತ್ರ ನೋಡಿ ನಾಟಕ ಕಟ್ಟಿದರೆ ಹಳ್ಳಿಯ ಅರ್ಧ ಹೆಂಗಸರು ಬಿಟ್ಟುಹೋಗುತ್ತಾರೆ.

ಗಜೇಂದ್ರಗಡ ಮಲ್ಲಣ್ಣ

ಕೂಲಿಯಾಕಿಗೆ ಇಳಕಲ್ ರೇಷ್ಮಿ ಸೆರಗು ಉಡಸಬ್ಯಾಡ್ರಿ ಸುಧಾ ಅವರ. ದಿನಾ ಹೊಲಕ್ಕ ಹೋಗೂ ಹೆಣಮಕ್ಕಳಿಗೆ ನಮ್ಮ ಕಡೆ ಪಟ್ಟೇದಂಚಿನ ಸೀರಿ ಇತ್ತು. ದಪ್ಪ ಹತ್ತಿ ನೂಲು, ಚೌಕಳಿ ಮೈ, ಅಗಲ ಅಂಚು. ಒಳಮೈ ಹೊರಮೈ ಅನ್ನೂ ಭೇದ ಇಲ್ಲ, ಹೆಂಗ ಉಟ್ಟರೂ ಒಂದ ಕಾಣತದ. ಒಂದು ಕಡೆ ಮಾಸಿದ್ರ ತಿರುವಿ ಉಡತಿದ್ರು. ಇದೇ ಸೀರಿ ಸವದತ್ತಿ ಎಲ್ಲಮ್ಮಗೂ ಏರಸತಿದ್ರು.

ಹೊಲದಾಗ ಸೀರಿ ಮೊಣಕಾಲ ಮಟ ಎತ್ತಿ ಸಿಗಸ್ತಿದ್ರು. ಕಾಲಾಗ ಚಪ್ಪಲಿ ಇಲ್ಲ. ಟೊಂಕದಾಗ ಎಲಿ ಅಡಕಿ ಚಂಚಿ. ಅದರಾಗ ಸುಣ್ಣದ ಡಬ್ಬಿ, ತಂಬಾಕ, ಒಂದೆರಡು ಆಣೆ. ಮುದುಕಿಯರ ಖಜಾನಿ ಅದ.

ಹುನಗುಂದದಾಕಿ

ಹೌದ್ರಿ ಅಣ್ಣಾರ. ಸೀರಿ ಹರದ ಮ್ಯಾಲೂ ಬಿಸಾಕತಿರಲಿಲ್ಲ. ಗಟ್ಟಿ ಇದ್ದ ಕಡೆ ಎರಡು ತುಂಡು ಕೂಡಿಸಿ ಹೊಲದು ಮತ್ತ ಉಡತಿದ್ರು, ಆಮ್ಯಾಲೆ ತೊಟ್ಟಲಕ್ಕ, ಆಮ್ಯಾಲೆ ಕೌದಿಗೆ. ಸುಧಾ ಅಕ್ಕಾರ, ಕೂಲಿಯಾಕಿ ಸೀರಿ ನಡುವ ಒಂದು ಹೊಲಿಗಿ ಕಾಣಲಿ.

ಇತಿಹಾಸ ಮೇಷ್ಟ್ರು

ಆ ಹೊಲಿಗೆಗೆ 1952ರಲ್ಲಿ ಇನ್ನೂ ಒಂದು ಕಾರಣ ಉಂಟು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆಯ ಬೆಲೆ ವಿಪರೀತ ಏರಿ, 1943ರಲ್ಲಿ ಸರ್ಕಾರ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ತಂದಿತು. ಸ್ವಾತಂತ್ರ್ಯ ಬಂದ ಮೇಲೂ ಒಂದಲ್ಲ ಒಂದು ರೂಪದಲ್ಲಿ ಅದು ನಡೆಯಿತು. ಮಗ್ಗವಿದ್ದರೂ ನೂಲಿಲ್ಲದೆ ನೇಕಾರರು ಕೂತಿದ್ದರು. ಒಂಬತ್ತು ಗಜ ಬಿಟ್ಟು ಆರು ಗಜಕ್ಕೆ ಬಂದದ್ದು ಫ್ಯಾಷನ್ನಿಂದ ಮಾತ್ರ ಅಂತ ಹೇಳುವವರಿದ್ದಾರೆ. ಶಾಲೆ ಕಾಲೇಜಿಗೆ ಹೋದ ಹುಡುಗಿಯರ ಮಟ್ಟಿಗೆ ಅದು ನಿಜ. ಆದರೆ ಹಳ್ಳಿಯ ಹಿರಿಯರ ಮಟ್ಟಿಗೆ ಬಟ್ಟೆಯ ಅಭಾವದ ಪಾಲು ದೊಡ್ಡದು ಅಂತ ನನ್ನ ಅನಿಸಿಕೆ. ನಿಮ್ಮ ಪಾತ್ರಗಳು ಹೊಸ ಸೀರೆ ಉಟ್ಟು ಮತಗಟ್ಟೆಗೆ ಹೋಗುವ ದೃಶ್ಯ ಇದ್ದರೆ, ಹೊಸ ಸೀರೆ ಯಾರಿಗೆ ಸಿಕ್ಕಿತ್ತು ಅನ್ನುವುದೇ ಒಂದು ಕಥೆ.

ಪಿಂಜಾರ ಓಣಿ

ಪಿಂಜಾರರ ಅಜ್ಜಿಗೆ ಬುರ್ಖಾ ಹಾಕಿಸುವ ಯೋಚನೆ ಇದ್ದರೆ ಕೈಬಿಡಿ ಮೇಡಂ. ನಮ್ಮ ದಾದಿ ಉಟ್ಟದ್ದು ನೆರೆಮನೆಯ ಲಿಂಗಾಯತರ ಅಜ್ಜಿ ಉಟ್ಟಂಥದೇ ಸೀರೆ, ತೊಟ್ಟದ್ದು ಅದೇ ಖಣದ ಕುಪ್ಪಸ. ಹತ್ತಿ ಹಿಂಜಿ ಗಾದಿ ತುಂಬುವ ಕೆಲಸ ನಮ್ಮದು, ಹೆಂಗಸರೂ ದುಡಿಯುತ್ತಿದ್ದರು. ವ್ಯತ್ಯಾಸ ಇದ್ದದ್ದು ಹಣೆಯಲ್ಲಿ ಕುಂಕುಮ ಇರಲಿಲ್ಲ, ಕೊರಳಲ್ಲಿ ಕರಿಮಣಿಯ ಲಚ್ಚಾ ಇತ್ತು, ಕಿವಿಯ ಅಂಚಿಗೆಲ್ಲ ಸಾಲಾಗಿ ಬೆಳ್ಳಿಯ ಬಾಲಿ. ಮಾತೂ ಕನ್ನಡವೇ. ಇಷ್ಟನ್ನು ಸರಿಯಾಗಿ ತೋರಿಸಿದರೆ ನಮ್ಮ ಹಿರಿಯರಿಗೆ ಬಹಳ ಸಂತೋಷವಾಗುತ್ತದೆ.

ಮೈಸೂರು ಶಾರದೆ

ಮೈಸೂರಿನ ತಾಯಿಯ ಬಗ್ಗೆ ನಾನು ಹೇಳುತ್ತೇನೆ. ಬಾಣಂತನಕ್ಕೆ ಬಂದವರು ದಿನವೂ ರೇಷ್ಮೆ ಉಡುವುದಿಲ್ಲ. ಆದರೆ ಪೆಟ್ಟಿಗೆಯಲ್ಲಿ ಒಂದು ಮೈಸೂರು ರೇಷ್ಮೆ ಸೀರೆ ಇರಬೇಕು, ನಾಮಕರಣಕ್ಕೆ ಅಂತ ತಂದದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ 32 ಮಗ್ಗ ತರಿಸಿ ಕಾರ್ಖಾನೆ ಹಾಕಿದ್ದರಲ್ಲ, ಅಲ್ಲಿಯದು. ಬಣ್ಣ ಒಂದೇ, ತೆಳು ಜರಿ ಅಂಚು, ಮೈಮೇಲೆ ಹೂವಿಲ್ಲ. ಆ ಕಾಲದ ಮೈಸೂರಿನ ಹಿರಿಯರಿಗೆ ಅಷ್ಟು ಸರಳವಾಗಿದ್ದರೇ ಹಿಡಿಸುತ್ತಿತ್ತು.

ಮನೆಯಲ್ಲಿ ಹದಿನೆಂಟು ಮೊಳದ ನೂಲಿನ ಸೀರೆ, ಬ್ರಾಹ್ಮಣರಾದರೆ ಕಚ್ಚೆ. ಬೆಳಿಗ್ಗೆ ಅಡಿಗೆಗೆ ಮಡಿ. ಹಿಂದಿನ ದಿನ ಒಗೆದ ಸೀರೆಯನ್ನು ಯಾರ ಕೈಗೂ ಎಟುಕದಂತೆ ಎತ್ತರದ ಗಳುವಿನ ಮೇಲೆ ಮಡಿಕೋಲಿನಿಂದ ಹರವಿರುತ್ತಿದ್ದರು, ಸ್ನಾನ ಮಾಡಿ ಅದೇ ಕೋಲಿನಿಂದ ಇಳಿಸಿಕೊಳ್ಳುತ್ತಿದ್ದರು. ಮೂಗಿಗೆ ಬೇಸರಿ, ಕಿವಿಗೆ ವಜ್ರದ ವಾಲೆ ಅಥವಾ ಬೆಂಡೋಲೆ. ತಲೆಯ ಮೇಲೆ ಸೆರಗು ಬೇಡ. ನಮ್ಮ ಕಡೆ ಮುತ್ತೈದೆಯರು ತಲೆಗೆ ಸೆರಗು ಹೊದೆಯುತ್ತಿರಲಿಲ್ಲ, ಅಲ್ಲಿಯ ಬೀಗರು ಅದನ್ನು ಗಮನಿಸಿ ಪಿಸುಗುಟ್ಟುವಂತೆ ಮಾಡಿದರೆ ನಾಟಕಕ್ಕೆ ಒಳ್ಳೆಯದು.

ರಂಗಸಜ್ಜಿಕೆ ಸುಧಾ

ಎಷ್ಟೊಂದು ಕೊಟ್ಟಿರಿ! ಸೆರಗು ಕಚ್ಚುವುದು, ಬೀಗರ ಪಿಸುಮಾತು ಎರಡನ್ನೂ ಬರೆದುಕೊಂಡೆ. ಇನ್ನು ಕಷ್ಟದ ಪ್ರಶ್ನೆ. ಕುಲಕರ್ಣಿಯವರ ಮನೆಯ ವಿಧವೆ. ತಂಡದಲ್ಲಿ ಎರಡು ಅಭಿಪ್ರಾಯ ಬಂದಿವೆ. ಕೆಲವರು ಬೋಳಿಸಿದ ತಲೆ ತೋರಿಸುವುದು ಬೇಡ, ನೋಯಿಸಿದ ಹಾಗಾಗುತ್ತದೆ, ಬಿಳಿ ಸೀರೆ ಸಾಕು ಅನ್ನುತ್ತಾರೆ.

ಕೃಷ್ಣಾ ತೀರ

ಸಾಕಾಗುವುದಿಲ್ಲ ಸುಧಾ. ನಮ್ಮ ತಂದೆಯ ಸೋದರತ್ತೆ ಹಾಗೆ ಬದುಕಿದವರು. ನಾನು ಚಿಕ್ಕವಳಿದ್ದಾಗ ಅವರ ಪಕ್ಕದಲ್ಲೇ ಮಲಗುತ್ತಿದ್ದೆ. ಅವರು ಬಿಳಿ ಉಡುತ್ತಿರಲಿಲ್ಲ. ಮಡಿ ಹೆಂಗಸರಿಗೆ, ಅಂದರೆ ತಲೆ ಬೋಳಿಸಿದ ವಿಧವೆಯರಿಗೆ, ಕೆಂಪು ಸೀರೆ, ಕಾವಿಯ ಕಡೆ ವಾಲುವ ಮಂಕು ಕೆಂಪು. ಅಂಚು ಇಲ್ಲ, ಬುಟ್ಟಾ ಇಲ್ಲ. ಕುಪ್ಪಸ ಇಲ್ಲ. ಅದಕ್ಕೇ ಸೆರಗನ್ನು ತಲೆಯ ಮೇಲಿಂದ ತಂದು ಕಿವಿ ಮುಚ್ಚಿ, ಎರಡೂ ಭುಜ ಸುತ್ತಿ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಿದ್ದರು. ಬಳೆ ಇಲ್ಲ, ಕುಂಕುಮ ಇಲ್ಲ. ಚಳಿಗಾಲದಲ್ಲಿ ಒಂದು ಧಾಬಳಿ.

ತಲೆ ಬೋಳಿಸಲು ನಾವಿದ ಹಿಂಬಾಗಿಲಿನಿಂದ ಬರುತ್ತಿದ್ದ. ಆ ದಿನ ಅವರು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಇದನ್ನು ಯಾರೋ ನೊಂದಾರು ಅಂತ ಮುಚ್ಚಿದರೆ, ನೋವು ತಿಂದವರನ್ನೇ ಮತ್ತೆ ಹಿಂಬಾಗಿಲಿಗೆ ಕಳಿಸಿದ ಹಾಗೆ. ಅವರ ಮೈಮೇಲಿನದೆಲ್ಲ ಬೇರೆಯವರ ತೀರ್ಮಾನವಾಗಿತ್ತು. ಮನೆತುಂಬ ಮಕ್ಕಳನ್ನು ಸಾಕಿದವರು, ಹಾಡು ಕಟ್ಟುತ್ತಿದ್ದವರು, ಲೆಕ್ಕದಲ್ಲಿ ಗಂಡಸರನ್ನು ಮೀರಿಸುತ್ತಿದ್ದವರು. ಆಕೆ ಮತ ಹಾಕಲು ಹೊರಟ ದೃಶ್ಯ ನಿಮ್ಮ ನಾಟಕದಲ್ಲಿ ಇದ್ದರೆ, ಅದೇ ಕೆಂಪು ಸೀರೆಯಲ್ಲೇ ಮುಂಬಾಗಿಲಿನಿಂದ ಹೊರಡಲಿ.

ಇತಿಹಾಸ ಮೇಷ್ಟ್ರು

ಕೃಷ್ಣಾ ಅವರ ಮಾತಿಗೆ ನನ್ನ ಪೂರ್ಣ ಬೆಂಬಲ. ಜೊತೆಗೆ ಇದು ಎಲ್ಲ ಜಾತಿಯ ಪದ್ಧತಿ ಆಗಿರಲಿಲ್ಲ ಅನ್ನುವುದೂ ರಂಗದ ಮೇಲೆ ಬರಬೇಕು. ಕೆಳಗಿಟ್ಟ ಎಷ್ಟೋ ಸಮುದಾಯಗಳಲ್ಲಿ ವಿಧವೆಗೆ ಸೀರುಡಿಕೆ ಇತ್ತು, ಗಂಡು ಒಂದು ಸೀರೆ ಕೊಟ್ಟು ಉಡಿಸಿದರೆ ಅವಳು ಅವನ ಹೆಂಡತಿ. ನಿಮ್ಮ ಕೂಲಿಯವಳು ಹಾಗೆ ಎರಡನೇ ಸಂಸಾರ ಹೂಡಿದವಳಾಗಿದ್ದರೆ, ಅವಳ ಮತ್ತು ಕುಲಕರ್ಣಿ ಮನೆಯ ವಿಧವೆಯ ನಡುವೆ ಒಂದು ಮಾತುಕತೆ ಬರೆಯಿಸಿ. ಊರಿನಲ್ಲಿ ಮೇಲಿನವಳು ಅನ್ನಿಸಿಕೊಂಡವಳಿಗೆ ಇಲ್ಲದ ದಾರಿ ಕೂಲಿಯವಳಿಗೆ ಇತ್ತು.

ಅಂಕೋಲೆಯ ಮಗಳು

ವಿಷಯ ನಿಮ್ಮ ನಾಟಕದ ಊರಿನದಲ್ಲ, ಆದರೂ ಕುಪ್ಪಸ ಇಲ್ಲದಿರುವುದನ್ನು ಎಲ್ಲರೂ ಶಿಕ್ಷೆ ಅಂತಲೇ ಓದಬಾರದು ಅಂತ ಬರೆಯುತ್ತಿದ್ದೇನೆ. ನಮ್ಮ ಹಾಲಕ್ಕಿ ಒಕ್ಕಲಿಗರ ಹಿರಿಯರು ಕುಪ್ಪಸ ತೊಡುವವರೇ ಅಲ್ಲ. ಸೀರೆಯನ್ನು ಎದೆಯ ಮೇಲೆ ಸುತ್ತಿ ಕಟ್ಟಿ, ಕೊರಳು ತುಂಬ ಮಣಿಸರ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಗೇ ಇದ್ದರು, ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ ಅದೇ ಉಡುಗೆಯಲ್ಲಿ ಹೋಗಿ ಪದ್ಮಶ್ರೀ ಪಡೆದರು. ಶಾಲೆಗೆ ಹೋದ ನಮ್ಮ ತಲೆಮಾರಿನವರು ಆ ಉಡುಗೆ ಬಿಟ್ಟೆವು, ಜನ ದಿಟ್ಟಿಸಿ ನೋಡುತ್ತಾರೆ ಅಂತ. ಅವರು ಬಿಡಲಿಲ್ಲ.

ಮಡಿಕೇರಿ ಮಳೆ

ನಮ್ಮ ಕೊಡಗಿನ ಹಿರಿಯರದು ಇನ್ನೊಂದು ಬಗೆ. ನಿರಿಗೆ ಹಿಂದೆ, ಸೆರಗು ಎಡ ಕಂಕುಳಡಿಯಿಂದ ಬಂದು ಬಲ ಭುಜಕ್ಕೆ, ಮಣಿಕಟ್ಟಿನವರೆಗೆ ತೋಳಿನ ಜಾಕೆಟ್ಟು, ತಲೆಗೆ ವಸ್ತ್ರ. ಕಾವೇರಿ ತಾಯಿ ಬಲಮುರಿಯಲ್ಲಿ ಹರಿದ ರಭಸಕ್ಕೆ ನಿರಿಗೆ ಹಿಂದಕ್ಕೆ ಸರಿಯಿತು ಅಂತ ಕಥೆ. ಒಂದೇ ರಾಜ್ಯದಲ್ಲಿ "ಅಜ್ಜಿಯ ಸೀರೆ" ಅಂತ ಒಂದೇ ಇಲ್ಲ ಅನ್ನುವುದಕ್ಕೆ ಹೇಳಿದೆ, ಅಷ್ಟೆ.

ರಂಗಸಜ್ಜಿಕೆ ಸುಧಾ

ಈ ಎಲ್ಲ ಬರಹಗಳನ್ನು ನಿನ್ನೆ ನಿರ್ದೇಶಕರ ಮುಂದೆ ಓದಿದೆ. ಕೃಷ್ಣಾ ಅವರದನ್ನು ಓದುವಾಗ ಮಧ್ಯದಲ್ಲಿ ಯಾರೂ ಮಾತಾಡಲಿಲ್ಲ. ಕೆಂಪು ಸೀರೆಯೇ ಇರಲಿ ಅಂತ ತೀರ್ಮಾನವಾಯಿತು, ಆ ಪಾತ್ರದ ನಟಿ ತಾನೇ ತಲೆ ಬೋಳಿಸಿಕೊಳ್ಳಲು ಮುಂದೆ ಬಂದಿದ್ದಾರೆ. ಕೂಲಿಯವಳ ಜೊತೆಗಿನ ಮಾತುಕತೆಯನ್ನು ಬರೆಯುತ್ತಿದ್ದಾರೆ.

ಈಗ ಕೆಲಸದ ವಿಚಾರ. ಗೌಡರ ಮನೆಯವಳಿಗೆ ದಾಳಿಂಬೆ ಬಣ್ಣದ ಇಳಕಲ್, ಗೋಮಿ ದಡಿ. ಪಿಂಜಾರರ ಅಜ್ಜಿಗೆ ಗಿಳಿಹಸಿರು ಮೈಯದು, ಚಮಕಾ ಸೆರಗು, ಸ್ವಲ್ಪ ಮಾಸಿದಂತೆ. ಕೂಲಿಯವಳಿಗೆ ಪಟ್ಟೇದಂಚು. ಮೈಸೂರಿನವಳದನ್ನು ಶಾರದಾ ಅವರು ತಮ್ಮ ತಾಯಿಯ ಪೆಟ್ಟಿಗೆಯಿಂದ ಕೊಡಲು ಒಪ್ಪಿದ್ದಾರೆ. ಹೊಸ ಸೀರೆಗಳನ್ನು ಹಳೆಯದರಂತೆ ಮಾಡುವುದು ಹೇಗೆ? ಚಹಾದ ನೀರಿನಲ್ಲಿ ಅದ್ದಿ ನೋಡಿದರೆ ಎಲ್ಲ ಒಂದೇ ಕಂದು ಆಗುತ್ತದೆ.

ಹುನಗುಂದದಾಕಿ

ಚಹಾ ಬ್ಯಾಡ್ರಿ. ಸವಳು ಮಣ್ಣಾಗ ನೆನಸಿ, ಹಳ್ಳದ ಬಂಡಿ ಮ್ಯಾಲೆ ಬಡದು ಒಗದು, ಬಿಸಲಾಗ ಒಣಗಸ್ರಿ. ಹತ್ತು ಸಲ ಹಿಂಗ ಮಾಡ್ರಿ. ಕುಂಡಿ ಕೂಡೂ ಕಡೆ, ಭುಜದ ಮ್ಯಾಲೆ, ಸೆರಗಿನ ತುದಿ, ಇಲ್ಲಿ ಮೊದಲು ಸವೀತದ. ಅಲ್ಲೇ ಹೆಚ್ಚು ಉಜ್ಜರಿ. ರೇಷ್ಮಿ ಸೆರಗಿಗೆ ಮಾತ್ರ ಅಂಟವಾಳ.

ದಾವಣಗೆರೆ ಹೊಲಿಗೆಮನೆ

ಕುಪ್ಪಸಗಳನ್ನು ನಾನು ಹೊಲಿದು ಕೊಡುತ್ತೇನೆ, ಕೂಲಿ ಬೇಡ. ನಟಿಯರ ಎದೆ, ತೋಳಿನ ಸುತ್ತಳತೆ, ಭುಜದಿಂದ ಮೊಣಕೈವರೆಗಿನ ಉದ್ದ ಕಳಿಸಿ. ಗಂಟಿಗೆ ಅಂತ ಮುಂದಿನ ಎರಡೂ ತುದಿಗೆ ಒಂದೊಂದು ಗೇಣು ಹೆಚ್ಚು ಬಿಡುತ್ತೇನೆ.

ಗುಳೇದಗುಡ್ಡ ಮಗ್ಗ

ಖಣ ನಾನು ಕಳಿಸುತ್ತೇನೆ. ಮಿಲ್ಲಿನ ಪಾಲಿಸ್ಟರ್ ಖಣ ತಗೊಳ್ಳಬೇಡಿ, ಗಂಟು ನಿಲ್ಲುವುದಿಲ್ಲ, ಜಾರುತ್ತದೆ. ಮೂವರಿಗೆ ಬೇಕಲ್ಲವಾ? ಗೌಡರ ಮನೆಯವಳಿಗೆ ರೇಷ್ಮೆ ಕೂಡಿದ್ದು, ಉಳಿದಿಬ್ಬರಿಗೆ ನೂಲಿನದು. ಕೂಲಿಯವಳದಕ್ಕೆ ಬಣ್ಣ ಬೇರೆ ಇರಲಿ, ಸೀರೆಗೆ ಹೊಂದಿಸಬೇಡಿ. ಅವಳಿಗೆ ಖಣ ಬಂದಿರುವುದು ಯಾರದೋ ಮನೆಯಲ್ಲಿ ಉಡಿ ತುಂಬಿದಾಗ, ಅವರು ಕೊಟ್ಟ ಬಣ್ಣವೇ ಅವಳ ಬಣ್ಣ. ವಿಳಾಸ ಖಾಸಗಿಯಾಗಿ ತಿಳಿಸಿ, ಸೋಮವಾರದ ಸಂತೆ ಮುಗಿದ ಮೇಲೆ ಪಾರ್ಸೆಲ್ ಹಾಕುತ್ತೇನೆ.